ಬಟವಾಡೆ ದಿನ ಬಿದ್ದುಹೋಗುವ ಆ್ಯಪ್‌ಗೆ ಎಂಥ ವಿಪಿಎಸ್ ಬೇಕು?

ಪ್ರಶ್ನೆ: ನಮ್ಮೂರಿನ ಹಾಲು ಉತ್ಪಾದಕರ ಸಂಘಕ್ಕೆ ಜ್ಯಾಂಗೋದಲ್ಲಿ (ಪೈಥಾನ್ ಭಾಷೆಯ ವೆಬ್ ಚೌಕಟ್ಟು) ಒಂದು ಚಿಕ್ಕ ವೆಬ್ ಆ್ಯಪ್ ಬರೆದುಕೊಟ್ಟಿದ್ದೇನೆ. ದಿನಕ್ಕೆ ಎರಡು ಹೊತ್ತು ಹಾಲಿನ ಅಳತೆ, ಫ್ಯಾಟ್ ದಾಖಲಾಗುತ್ತವೆ. ವಾರಕ್ಕೊಮ್ಮೆ ಬಟವಾಡೆ ದಿನ 180 ಸದಸ್ಯರಿಗೆ ಕನ್ನಡದಲ್ಲೇ ಪಿಡಿಎಫ್ ಚೀಟಿ ತೆಗೆಯಬೇಕು. ಈಗ ಶೇರ್ಡ್ ಹೋಸ್ಟಿಂಗ್‌ನಲ್ಲಿದೆ. ಬಾಕಿ ದಿನ ಪರವಾಗಿಲ್ಲ, ಬಟವಾಡೆ ದಿನ ಚೀಟಿ ತೆಗೆಯಲು ಹೋದರೆ ಅರ್ಧಕ್ಕೆ ನಿಂತು ಎರರ್ ಪುಟ ಬರುತ್ತದೆ. ವಿಪಿಎಸ್ (ವರ್ಚುವಲ್ ಪ್ರೈವೇಟ್ ಸರ್ವರ್, ಅಂದರೆ ನಮಗೇ ಮೀಸಲಾದ ಬಾಡಿಗೆ ಸರ್ವರ್ ಪಾಲು) ತೆಗೆದುಕೊಂಡು ಒಂದು ಟ್ಯೂಶನ್ ಸೆಂಟರಿನ ಫೀಸು ಲೆಕ್ಕದ ಆ್ಯಪನ್ನೂ ಅದರಲ್ಲೇ ಇಡೋಣವೆಂದಿದ್ದೇನೆ. ಒಬ್ಬ ಸ್ನೇಹಿತ 8 ಜಿಬಿ ರ್‍ಯಾಮ್‌ಗಿಂತ ಕಡಿಮೆ ಬೇಡ ಅನ್ನುತ್ತಾನೆ, ಇನ್ನೊಬ್ಬ ಪುಕ್ಕಟೆ ಸರ್ವರ್ ಸಿಗುವಾಗ ದುಡ್ಡು ಯಾಕೆ ಅನ್ನುತ್ತಾನೆ. ತಿಂಗಳಿಗೆ 1000 ರೂಪಾಯಿ ಮೀರುವಂತಿಲ್ಲ. ಡೇಟಾ ಭಾರತದಲ್ಲೇ ಇರಬೇಕೆಂದು ಕಾನೂನಿದೆಯೇ? ಹ್ಯಾಕ್ ಆದರೆ ಏನು ಗತಿ?

ಉತ್ತರ: ನೀವು ಕೇಳಿರುವುದು ನಾಲ್ಕೈದು ಪ್ರಶ್ನೆ, ಆದರೆ ಹೆದರಿಕೆ ಒಂದೇ. ದುಡ್ಡು ಕೊಟ್ಟು ಸರ್ವರ್ ತಗೊಂಡ ಮೇಲೂ ಸಂಘದ ಮುಂದೆ ಜನ ಸಾಲು ನಿಂತಾಗ ಅದೇ ಎರರ್ ಪುಟ ಬಂದರೆ ಏನು ಮಾಡುವುದು ಎಂದು. ಆ ಹೆದರಿಕೆ ಸರಿಯಾಗಿಯೇ ಇದೆ, ಏಕೆಂದರೆ ನೀವು ಬರೆದಿರುವ ಲಕ್ಷಣ ನೋಡಿದರೆ ಇದು ಸರ್ವರ್ ಚಿಕ್ಕದಾಯಿತು ಎನ್ನುವ ಸಮಸ್ಯೆಯಂತೆ ಕಾಣುವುದಿಲ್ಲ. ಕಂಪನಿಗಳ ಹೆಸರು ಆಮೇಲೆ ನೋಡೋಣ.

ಒಂದು ಪಿಡಿಎಫ್ ಚೀಟಿ ತಯಾರಾಗಲು ಅರ್ಧ ಸೆಕೆಂಡ್ ಹಿಡಿಯುತ್ತದೆ ಅಂದುಕೊಳ್ಳಿ. 180 ಚೀಟಿಗೆ 90 ಸೆಕೆಂಡ್. ಕಾರ್ಯದರ್ಶಿ ಬಟನ್ ಒತ್ತಿ ಕೂತಿದ್ದಾರೆ, ಬ್ರೌಸರ್ ಕಾಯುತ್ತಿದೆ. ಜ್ಯಾಂಗೋವನ್ನು ಸಾಮಾನ್ಯವಾಗಿ ಓಡಿಸುವ ಗುನಿಕಾರ್ನ್ ಯಾವುದೇ ವರ್ಕರ್ (ಬಂದ ಕೋರಿಕೆಗೆ ಉತ್ತರಿಸುವ ಆ್ಯಪ್‌ನ ಒಂದು ಪ್ರತಿ) 30 ಸೆಕೆಂಡ್ ಸದ್ದಿಲ್ಲದಿದ್ದರೆ ಅದು ಸತ್ತಿದೆ ಎಂದು ತಿಳಿದು ತಾನೇ ಕೊಂದುಬಿಡುತ್ತದೆ. ಅದರ ಮುಂದಿರುವ ವೆಬ್ ಸರ್ವರ್ ಎಂಜಿನ್‌ಎಕ್ಸ್ 60 ಸೆಕೆಂಡ್ ಕಾದು ಕೈಬಿಡುತ್ತದೆ. ಎರಡೂ ಹುಟ್ಟಿನಿಂದ ಬಂದ ಡಿಫಾಲ್ಟ್ ಲೆಕ್ಕಗಳು. ಶೇರ್ಡ್ ಹೋಸ್ಟಿಂಗ್‌ನವರು ಇಂಥದೇ ಮಿತಿಗಳನ್ನು ಇನ್ನೂ ಬಿಗಿಯಾಗಿ ಇಟ್ಟಿರುತ್ತಾರೆ. ನಿಮ್ಮ ಸ್ನೇಹಿತರ ಮಾತು ಕೇಳಿ 8 ಜಿಬಿ ತಗೊಂಡು ಅದೇ ಕೋಡ್ ಹಾಕಿದರೆ, ಮೂವತ್ತನೆಯ ಸೆಕೆಂಡಿಗೆ ಸರಿಯಾಗಿ ಅದೇ 502 ಪುಟ ಬರುತ್ತದೆ. ರ್‍ಯಾಮ್ 7 ಜಿಬಿ ಖಾಲಿ ಬಿದ್ದಿರುತ್ತದೆ.

ಟೈಮ್‌ಔಟ್ ಅನ್ನು 300 ಸೆಕೆಂಡಿಗೆ ಏರಿಸಿ ಕೈತೊಳೆದುಕೊಳ್ಳುವವರಿದ್ದಾರೆ. ಆಗ ಬೇರೆ ಎಡವಟ್ಟು: ಕಾಯಲಾರದೆ ಕಾರ್ಯದರ್ಶಿ ಮತ್ತೆರಡು ಸಲ ಬಟನ್ ಒತ್ತುತ್ತಾರೆ, ಮೂರೂ ವರ್ಕರ್‌ಗಳು ಚೀಟಿ ಮಾಡುವುದರಲ್ಲಿ ಮುಳುಗುತ್ತವೆ, ಹಾಲು ಅಳೆಯುವವರ ಪುಟ ತೆರೆಯುವುದಿಲ್ಲ. ಸರಿಯಾದ ದಾರಿ ಎಂದರೆ ಬಟನ್ ಒತ್ತಿದಾಗ ಡೇಟಾಬೇಸಿನಲ್ಲಿ 'ಈ ವಾರದ ಚೀಟಿ ಬೇಕು' ಎಂಬ ಒಂದು ಸಾಲು ಬರೆದು ಪುಟವನ್ನು ತಕ್ಷಣ ಹಿಂತಿರುಗಿಸುವುದು. ಹಿನ್ನೆಲೆಯಲ್ಲಿ ಓಡುವ ಒಂದು ಪ್ರತ್ಯೇಕ ಪ್ರೋಗ್ರಾಂ ಆ ಸಾಲನ್ನು ನೋಡಿ, ಇಪ್ಪತ್ತು ಇಪ್ಪತ್ತರ ಕಂತಿನಲ್ಲಿ ಚೀಟಿ ಮಾಡಿ, ಮುಗಿದಾಗ ಡೌನ್‌ಲೋಡ್ ಲಿಂಕ್ ತೋರಿಸಬೇಕು. ಇದಕ್ಕೆ ಸೆಲೆರಿ, ರೆಡಿಸ್ ಎಂಬ ದೊಡ್ಡ ಸಾಧನಗಳ ಸಂಸಾರ ಹೂಡಬೇಕಾಗಿಲ್ಲ. ಜ್ಯಾಂಗೋದ ಒಂದು ಮ್ಯಾನೇಜ್‌ಮೆಂಟ್ ಕಮಾಂಡ್, ಅದನ್ನು ಸದಾ ಎಬ್ಬಿಸಿಡಲು ಸಿಸ್ಟಮ್‌ಡಿ ಸರ್ವಿಸ್, ಇಷ್ಟು ಸಾಕು. ಶೇರ್ಡ್ ಹೋಸ್ಟಿಂಗ್‌ನಲ್ಲಿ ಸಾಮಾನ್ಯವಾಗಿ ಹೀಗೆ ಹಿನ್ನೆಲೆಯಲ್ಲಿ ಪ್ರೋಗ್ರಾಂ ಓಡಿಸಲು ಬಿಡುವುದಿಲ್ಲ. ನೀವು ವಿಪಿಎಸ್‌ಗೆ ಹೋಗಲು ಇದೊಂದು ನಿಜವಾದ ಕಾರಣ. ವೇಗಕ್ಕಾಗಿ ಹೋಗುತ್ತಿದ್ದೇನೆ ಎಂದುಕೊಂಡರೆ ನಿರಾಸೆಯಾಗಬಹುದು.

ರ್‍ಯಾಮ್ ಎಷ್ಟು?

ಜನ ಗಿರಾಕಿಗಳ ಸಂಖ್ಯೆ ಎಣಿಸುತ್ತಾರೆ. 180 ಸದಸ್ಯರಿದ್ದಾರೆ ನಿಜ, ಆದರೆ ಒಂದೇ ಹೊತ್ತಿಗೆ ಆ್ಯಪ್ ತೆರೆದಿರುವವರು ಇಬ್ಬರೋ ಮೂವರೋ. ಒಂದು ಚಿಕ್ಕ ಪ್ರೊಸೆಸರ್ ಕೋರ್ ಇದರ ಹತ್ತು ಪಟ್ಟು ಕೆಲಸವನ್ನು ನಿದ್ದೆಗಣ್ಣಲ್ಲಿ ಮಾಡುತ್ತದೆ. ಇಂಥ ಸಣ್ಣ ಆ್ಯಪ್‌ಗಳು ಬೀಳುವುದು ಹೆಚ್ಚಾಗಿ ಮೆಮೊರಿ ಮುಗಿದಾಗ, ಇಲ್ಲವೇ ಡಿಸ್ಕ್ ತುಂಬಿದಾಗ.

ನಿಮ್ಮದನ್ನೇ ಕೂಡಿಸೋಣ. ಉಬುಂಟು 24.04 ತಾನೊಂದೇ ಸುಮಾರು 200 ಎಂಬಿ. ಪೋಸ್ಟ್‌ಗ್ರೆಸ್ ಡೇಟಾಬೇಸ್ ಇಷ್ಟು ಚಿಕ್ಕ ಕೆಲಸಕ್ಕೆ 100 ಎಂಬಿ ಆಸುಪಾಸು. ಎಂಜಿನ್‌ಎಕ್ಸ್ 20. ಜ್ಯಾಂಗೋ ವರ್ಕರ್ ಒಂದಕ್ಕೆ 100 ಎಂಬಿ ಹಿಡಿದರೆ ಮೂರಕ್ಕೆ 300. ಟ್ಯೂಶನ್ ಆ್ಯಪ್‌ಗೆ ಇನ್ನೆರಡು ವರ್ಕರ್, 200. ಒಟ್ಟು 820 ಎಂಬಿ. 1 ಜಿಬಿ ಪ್ಲಾನ್‌ನಲ್ಲಿ ನಿಮ್ಮ ಕೈಗೆ ಸಿಗುವುದು ಸುಮಾರು 960 ಎಂಬಿ. ಆರು ದಿನ ಎಲ್ಲ ಸರಿ. ಏಳನೆಯ ದಿನ ಪಿಡಿಎಫ್ ಮಾಡಲು ಪರದೆಯಿಲ್ಲದ ಕ್ರೋಮ್ ಏಳುತ್ತದೆ, ಅದಕ್ಕೆ ಕಡಿಮೆಯೆಂದರೂ 300 ಎಂಬಿ. ಅಲ್ಲಿಗೆ ಮೆಮೊರಿ ಮುಗಿಯಿತು. ಆಗ ಲಿನಕ್ಸ್ ಕರ್ನಲ್ (ಸಿಸ್ಟಮ್‌ನ ತಿರುಳು) ತನ್ನ ಓಓಎಂ ಕಿಲ್ಲರ್ ಅನ್ನು ಬಿಡುತ್ತದೆ. ಅದು ಅತಿ ಹೆಚ್ಚು ಮೆಮೊರಿ ಹಿಡಿದು ಕೂತವರನ್ನು ಹುಡುಕಿ ಮುಗಿಸುತ್ತದೆ. ಕ್ರೋಮ್ ಹಲವು ಚಿಕ್ಕ ಪ್ರೊಸೆಸ್‌ಗಳಾಗಿ ಹಂಚಿಹೋಗಿರುವುದರಿಂದ ಕೆಲವು ಸಲ ಬಲಿಯಾಗುವುದು ತಪ್ಪು ಮಾಡಿದ ಅದಲ್ಲ, ಪಾಪದ ಡೇಟಾಬೇಸ್. ಮಾರನೆಯ ದಿನ 'ಡೇಟಾಬೇಸ್ ತಾನಾಗೇ ನಿಂತುಹೋಗಿತ್ತು' ಎಂದು ದೂರು. ತಾನಾಗೇ ನಿಲ್ಲುವುದಿಲ್ಲ. ಡಿಮೆಸೇಜ್ ಕಮಾಂಡ್ ಕೊಟ್ಟು 'ಔಟ್ ಆಫ್ ಮೆಮೊರಿ' ಎಂಬ ಸಾಲು ಹುಡುಕಿದರೆ ಯಾರು ಯಾವಾಗ ಬಲಿಯಾದರೆಂದು ಹೆಸರು ಸಮೇತ ಸಿಗುತ್ತದೆ.

ಅಂದಾಜಿಗಿಂತ ಅಳತೆ ಮೇಲು. ಲ್ಯಾಪ್‌ಟಾಪ್‌ನಲ್ಲಿ 1 ಜಿಬಿಯ ಒಂದು ವರ್ಚುವಲ್ ಮಷೀನ್ ಮಾಡಿ, ಜ್ಯಾಂಗೋ ಜೊತೆಗೇ ಬರುವ ಪರೀಕ್ಷಾ ಸರ್ವರ್ ರನ್‌ಸರ್ವರ್ ಅಲ್ಲ, ಗುನಿಕಾರ್ನ್ ಹಾಕಿಯೇ ಓಡಿಸಿ, 180 ಚೀಟಿ ತೆಗೆಯಿರಿ. ಆ ಹೊತ್ತಿನಲ್ಲಿ ಫ್ರೀ ಕಮಾಂಡ್ ಕೊಟ್ಟು 'ಅವೈಲಬಲ್' ಕಾಲಂ ನೋಡಿ. 'ಫ್ರೀ' ಕಾಲಂ ನೋಡಿ ಗಾಬರಿಯಾಗಬೇಡಿ, ಖಾಲಿ ಮೆಮೊರಿಯನ್ನು ಲಿನಕ್ಸ್ ಫೈಲ್ ಕ್ಯಾಶೆಗೆ ಬಳಸಿಕೊಳ್ಳುತ್ತದೆ, ಬೇಕಾದಾಗ ಬಿಟ್ಟುಕೊಡುತ್ತದೆ. ಅತಿ ಭಾರದ ಹೊತ್ತಿನಲ್ಲೂ ಅವೈಲಬಲ್ 150 ಎಂಬಿಗಿಂತ ಮೇಲಿದ್ದರೆ ಆ ಗಾತ್ರ ಸಾಕು. ಸರ್ವರ್‌ನಲ್ಲಿ 2 ಜಿಬಿಯ ಸ್ವಾಪ್ ಫೈಲ್ (ಮೆಮೊರಿ ಸಾಲದಾಗ ಡಿಸ್ಕಿನಲ್ಲಿ ಬಳಸುವ ಜಾಗ) ಮಾಡಿಡಿ. ಎಷ್ಟೋ ಕಂಪನಿಗಳ ಉಬುಂಟು ಇಮೇಜ್‌ನಲ್ಲಿ ಸ್ವಾಪ್ ಇರುವುದೇ ಇಲ್ಲ. ಸ್ವಾಪ್ ರ್‍ಯಾಮ್‌ಗೆ ಬದಲಿಯಲ್ಲ, ನಿಧಾನ. ಆದರೆ ಸಾಯುವ ಬದಲು ನಿಧಾನವಾಗುವುದು ವಾಸಿ.

ಕನ್ನಡ ಚೀಟಿಯ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಹೊಸ ಸರ್ವರ್‌ಗೆ ಹೋದ ಮೊದಲ ದಿನವೇ ನಿಮಗಿದು ಎದುರಾಗುತ್ತದೆ. ಖಾಲಿ ಸರ್ವರ್‌ನಲ್ಲಿ ಕನ್ನಡ ಫಾಂಟ್ ಇರುವುದಿಲ್ಲ. ಲ್ಯಾಪ್‌ಟಾಪ್‌ನಲ್ಲಿ ಚೆನ್ನಾಗಿ ಬಂದ ಚೀಟಿ ಅಲ್ಲಿ ಚೌಕದ ಡಬ್ಬಿಗಳ ಸಾಲಾಗುತ್ತದೆ. ನೋಟೋ ಫಾಂಟ್‌ಗಳ ಪ್ಯಾಕೇಜ್, ಇಲ್ಲವೇ ಡೆಬಿಯನ್, ಉಬುಂಟುಗಳಲ್ಲಿ ಸಿಗುವ ಗುಬ್ಬಿ, ನವಿಲು ಫಾಂಟ್‌ಗಳಲ್ಲಿ ಒಂದನ್ನು ಹಾಕಿಕೊಳ್ಳಿ. ಡಬ್ಬಿಯ ಬದಲು ಒತ್ತಕ್ಷರಗಳು ಕಳಚಿಕೊಂಡು 'ಲಕ್ಷ್ಮಮ್ಮ'ನವರ ಹೆಸರು ಛಿದ್ರವಾಗಿ ಬಂದರೆ ಅದು ಫಾಂಟಿನ ತಪ್ಪಲ್ಲ, ಪಿಡಿಎಫ್ ಲೈಬ್ರರಿಯದು. ಅಕ್ಷರ ಜೋಡಿಸುವ ಹಾರ್ಫ್‌ಬಝ್ ಅದರೊಳಗಿಲ್ಲ ಎಂದರ್ಥ. ವೀಸಿಪ್ರಿಂಟ್ ಎಂಬ ಪಿಡಿಎಫ್ ಲೈಬ್ರರಿ ಮತ್ತು ಕ್ರೋಮ್ ಎರಡರಲ್ಲೂ ಅದಿದೆ, ಎರಡೂ ಸರಿಯಾಗಿ ಬರೆಯುತ್ತವೆ. ಮೆಮೊರಿ ಉಳಿಸಬೇಕಿದ್ದರೆ ವೀಸಿಪ್ರಿಂಟ್ ಆರಿಸಿ, ಕಂತಿನಲ್ಲೇ ತೆಗೆಯಿರಿ. 180 ಪುಟವನ್ನು ಒಂದೇ ಏಟಿಗೆ ಕೊಟ್ಟರೆ ಅದೂ ಮೆಮೊರಿ ನುಂಗುತ್ತದೆ.

ಹೀಗೆ ಮಾಡಿದರೆ 1 ಜಿಬಿ ಸಾಕಾಗಬಹುದು, ಆದರೆ ಬಿಗಿ. 2 ಜಿಬಿ ಆರಾಮ. 8 ಜಿಬಿ ದಂಡ. ಚಿಕ್ಕದರಿಂದ ಶುರುಮಾಡಿ ದೊಡ್ಡದಕ್ಕೆ ಏರುವುದು ಐದು ನಿಮಿಷದ ಕೆಲಸ. ಏರಿಸುವಾಗ ಮಾತ್ರ ಒಂದು ಎಚ್ಚರ: ಡಿಸ್ಕ್ ಹಿಗ್ಗಿಸಿದರೆ ಮತ್ತೆ ಕುಗ್ಗಿಸಲಾಗದು. ರ್‍ಯಾಮ್ ಮತ್ತು ಸಿಪಿಯು ಮಾತ್ರ ಏರಿಸುವ ಆಯ್ಕೆಯಿದ್ದರೆ ಅದನ್ನೇ ಒತ್ತಿ, ಆಮೇಲೆ ಇಳಿಸಿಕೊಳ್ಳಬಹುದು.

ಕೊಳ್ಳುವಾಗ ಪ್ಲಾನ್ ಪುಟದಲ್ಲಿ ಏನು ಓದಬೇಕು

ವಿಪಿಎಸ್ ಎಂದರೆ ಒಂದು ದೊಡ್ಡ ಯಂತ್ರದ ಒಂದು ಪಾಲು. ಕೆವಿಎಂ ತಂತ್ರಜ್ಞಾನದ ಪಾಲಾದರೆ ನಿಮಗೆ ನಿಮ್ಮದೇ ಕರ್ನಲ್ ಸಿಗುತ್ತದೆ, ಡಾಕರ್ (ಆ್ಯಪ್‌ಗಳನ್ನು ಪ್ರತ್ಯೇಕ ಡಬ್ಬಿಗಳಲ್ಲಿ ಓಡಿಸುವ ಸಾಧನ) ಓಡುತ್ತದೆ, ಸ್ವಾಪ್ ಹಾಕಬಹುದು. ತೀರಾ ಅಗ್ಗದ ಕೆಲವು ಕಡೆ ಇನ್ನೂ ಓಪನ್‌ವಿಝಡ್ ಮಾದರಿಯ ಕಂಟೈನರ್ ಕೊಡುತ್ತಾರೆ. ಅಲ್ಲಿ ಕರ್ನಲ್ ಎಲ್ಲರದೂ ಒಂದೇ, ಸ್ವಾಪ್ ನಿಮ್ಮ ಕೈಯಲ್ಲಿಲ್ಲ. ಕೆವಿಎಂ ಎಂದು ಬರೆದಿಲ್ಲದಿದ್ದರೆ ಕೇಳಿ.

ಸಿಪಿಯು 'ಶೇರ್ಡ್' ಎಂದಿರುವುದು ನಿಮಗೆ ತೊಂದರೆಯಲ್ಲ. ಪಕ್ಕದವರು ನಿಮ್ಮ ಪಾಲು ತಿನ್ನುತ್ತಿದ್ದಾರೆಯೇ ಎಂದು ಟಾಪ್ ಕಮಾಂಡ್‌ನಲ್ಲಿ 'ಎಸ್‌ಟಿ' ಎಂಬ ಅಂಕಿ ಹೇಳುತ್ತದೆ. ಅದು ದಿನವಿಡೀ 10ರ ಮೇಲಿದ್ದರೆ ಸರ್ವರ್ ಅಳಿಸಿ ಇನ್ನೊಂದು ಮಾಡಿಕೊಳ್ಳಿ, ಸಾಮಾನ್ಯವಾಗಿ ಬೇರೆ ಯಂತ್ರದಲ್ಲಿ ಕೂರುತ್ತದೆ. ಅಮೆಜಾನ್ ಲೈಟ್‌ಸೇಲ್‌ನ ಚಿಕ್ಕ ಪ್ಲಾನ್‌ಗಳದ್ದು ಬೇರೆ ಪದ್ಧತಿ: ಸಿಪಿಯುಗೆ ಒಂದು ಮೂಲಮಟ್ಟವಿದೆ, ಅದಕ್ಕಿಂತ ಕೆಳಗಿದ್ದಾಗ ಕ್ರೆಡಿಟ್ ಕೂಡುತ್ತದೆ, ಮೇಲೆ ಹೋದಾಗ ಕರಗುತ್ತದೆ. ವಾರವಿಡೀ ಸುಮ್ಮನಿದ್ದು ಒಂದು ದಿನ ದುಡಿಯುವ ನಿಮ್ಮಂಥ ಆ್ಯಪ್‌ಗೆ ಅದು ಹೊಂದಿಕೆಯಾಗುತ್ತದೆ.

ಡೇಟಾ ವರ್ಗಾವಣೆಯ ಮಿತಿಗೆ ತಲೆಕೆಡಿಸಿಕೊಳ್ಳಬೇಡಿ. ಒಂದು ಪುಟ 2 ಎಂಬಿ ಎಂದರೂ 1000 ಜಿಬಿಯಲ್ಲಿ 5 ಲಕ್ಷ ಪುಟ ತೆರೆಯಬಹುದು. ಲೈಟ್‌ಸೇಲ್‌ನವರು ಮುಂಬೈ ಕೇಂದ್ರಕ್ಕೆ ಈ ಮಿತಿಯನ್ನು ಅರ್ಧ ಮಾಡುತ್ತಾರೆ. ಆ ಅರ್ಧವೂ ನಿಮಗೆ ಜಾಸ್ತಿಯೇ.

ಐಪಿವಿ6 (ಹೊಸ ಮಾದರಿಯ ಇಂಟರ್ನೆಟ್ ವಿಳಾಸ) ಮಾತ್ರ ಇರುವ ಪ್ಲಾನ್ ಸ್ವಲ್ಪ ಅಗ್ಗವಾಗಿ ಕಾಣುತ್ತದೆ. ಬೇಡ. ಜಿಯೋ ಮೊಬೈಲ್‌ನಿಂದ ತೆರೆಯುತ್ತದೆ, ಸಂಘದ ಹಳೆಯ ಬ್ರಾಡ್‌ಬ್ಯಾಂಡ್‌ನಿಂದ ತೆರೆಯದೇ ಇರಬಹುದು, ಗಿಟ್‌ಹಬ್‌ನಿಂದ ಕೋಡ್ ಇಳಿಸಿಕೊಳ್ಳಲೂ ತಕರಾರು. 'ತಿಂಗಳಿಗೆ ಇಷ್ಟೇ' ಎಂಬ ದೊಡ್ಡಕ್ಷರದ ಬೆಲೆಯ ಕೆಳಗೆ ಎರಡೋ ನಾಲ್ಕೋ ವರ್ಷದ ಹಣ ಒಟ್ಟಿಗೆ ಕಟ್ಟಿದರೆ ಮಾತ್ರ, ನವೀಕರಣದ ದರ ಬೇರೆ ಎಂಬ ಸಣ್ಣಕ್ಷರ ಇದೆಯೇ ನೋಡಿಕೊಳ್ಳಿ. ತಿಂಗಳು ತಿಂಗಳು ಕಟ್ಟಿ, ಬೇಡವಾದಾಗ ಬಿಡುವ ಸ್ವಾತಂತ್ರ್ಯವೇ ವಿಪಿಎಸ್‌ನ ಲಾಭ. ಅದನ್ನು ರಿಯಾಯಿತಿಗೆ ಮಾರಿಕೊಳ್ಳಬಾರದು.

ಯಾವ ಊರಿನಲ್ಲಿ?

ಫೈಬರ್‌ನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಓಡುತ್ತದೆ. ಅಂದರೆ 1000 ಕಿಲೋಮೀಟರ್ ದೂರಕ್ಕೆ ಹೋಗಿಬರಲು ಕನಿಷ್ಠ 10 ಮಿಲಿಸೆಕೆಂಡ್. ಕೇಬಲ್ ಸುತ್ತುಬಳಸಿನಿಂದ ನಿಜದಲ್ಲಿ ಅದರ ಎರಡು ಪಟ್ಟು. ಬೆಂಗಳೂರು, ಚೆನ್ನೈ, ಮುಂಬೈಗಳಲ್ಲಿ ಎಲ್ಲಿದ್ದರೂ ನಿಮಗೆ ವ್ಯತ್ಯಾಸ ಗೊತ್ತಾಗದು. ಸಿಂಗಪುರವೂ ನಡೆಯುತ್ತದೆ. ಜರ್ಮನಿ, ಅಮೆರಿಕಕ್ಕೆ ಹೋದರೆ ಪ್ರತಿ ಕ್ಲಿಕ್ಕಿಗೂ ಹಲವು ಸಲ 150ರಿಂದ 250 ಮಿಲಿಸೆಕೆಂಡ್ ಸೇರುತ್ತಾ ಹೋಗಿ, ಹಳ್ಳಿಯ ಮೊಬೈಲ್ ಸಿಗ್ನಲ್‌ನಲ್ಲಿ ಎಳೆದಾಡಿದಂತೆ ಆಗುತ್ತದೆ. ಜರ್ಮನಿಯ ಹೆಟ್ಜ್‌ನರ್ ಕಂಪನಿಯ ಬೆಲೆ ನೋಡಿ ಮರುಳಾಗುವವರು ಅವರಿಗೆ ಭಾರತದಲ್ಲಿ ಕೇಂದ್ರವಿಲ್ಲ ಎಂಬುದನ್ನು ನೆನಪಿಡಬೇಕು. ಡಿಜಿಟಲ್‌ಓಶನ್ ಬೆಂಗಳೂರಿನಲ್ಲಿದೆ, ಈಗ ಅಕಮೈ ಕೈಯಲ್ಲಿರುವ ಲಿನೋಡ್ ಮುಂಬೈ ಮತ್ತು ಚೆನ್ನೈಗಳಲ್ಲಿ, ವಲ್ಟರ್ ಮುಂಬೈ, ಬೆಂಗಳೂರು, ದೆಹಲಿ ಮೂರು ಕಡೆ. ನಿಮ್ಮ ಕೆಲಸಕ್ಕೆ ಇವುಗಳಲ್ಲಿ ಯಾವುದಾದರೂ ಒಂದೇ.

ಕಾನೂನಿನ ವಿಚಾರಕ್ಕೆ ಬಂದರೆ, ಎಲ್ಲ ಡೇಟಾ ಭಾರತದಲ್ಲೇ ಇರಬೇಕೆಂಬ ಸಾರ್ವತ್ರಿಕ ನಿಯಮವಿಲ್ಲ. ರಿಸರ್ವ್ ಬ್ಯಾಂಕ್ 2018ರಲ್ಲಿ ಹೊರಡಿಸಿದ ಆದೇಶ ಪಾವತಿ ವ್ಯವಸ್ಥೆ ನಡೆಸುವವರ ವಹಿವಾಟು ಮಾಹಿತಿಗೆ ಸಂಬಂಧಿಸಿದ್ದು, ಅದೇ ಬಾಯಿಂದ ಬಾಯಿಗೆ ಹರಡಿ 'ಎಲ್ಲ ಡೇಟಾ' ಆಗಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಸರ್ಕಾರ ನಿರ್ಬಂಧಿಸಿದ ದೇಶಗಳನ್ನು ಬಿಟ್ಟು ಬೇರೆಡೆ ಇಡಲು ಅಡ್ಡಿ ಮಾಡುವುದಿಲ್ಲ. ಆದರೆ ಸದಸ್ಯರ ಬ್ಯಾಂಕ್ ಖಾತೆ ಸಂಖ್ಯೆ, ಫೋನ್ ನಂಬರ್ ಎಲ್ಲಿದ್ದರೂ ಕಾಪಾಡುವ ಹೊಣೆಗಾರಿಕೆ ತಪ್ಪುವುದಿಲ್ಲ. ಆಧಾರ್ ಸಂಖ್ಯೆಯನ್ನು ಡೇಟಾಬೇಸಿನಲ್ಲಿ ಇಟ್ಟಿದ್ದರೆ, ಹಾಲಿನ ಲೆಕ್ಕಕ್ಕೆ ಅದು ಬೇಕಾಗಿಲ್ಲ, ತೆಗೆದುಬಿಡಿ. ಇನ್ನು, ಸರ್ವರ್ ಕೊಳ್ಳುವಾಗ ಗುರುತಿನ ದಾಖಲೆ ಕೇಳಿದರೆ ಅನುಮಾನಪಡಬೇಡಿ. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದ ಪ್ರಕಾರ ವಿಪಿಎಸ್ ಕೊಡುವವರು ಗ್ರಾಹಕರ ವಿವರವನ್ನು 5 ವರ್ಷ ಇಟ್ಟುಕೊಳ್ಳಬೇಕು.

ಸಾವಿರ ರೂಪಾಯಿಯ ಲೆಕ್ಕ

2 ಜಿಬಿ ಪ್ಲಾನ್ ಈ ಕಂಪನಿಗಳಲ್ಲಿ 10ರಿಂದ 12 ಡಾಲರ್. 12 ಎಂದೇ ಹಿಡಿಯಿರಿ. ಬ್ಯಾಕಪ್ ಸೇವೆಗೆ ಸುಮಾರು ಶೇ. 20 ಸೇರಿಸಿದರೆ 14.40. ಅದರ ಮೇಲೆ ಶೇ. 18 ಜಿಎಸ್‌ಟಿ, ವಿದೇಶಿ ಕಂಪನಿಯಾದರೂ ಹಾಕುತ್ತಾರೆ. 17 ಡಾಲರ್ ಆಯಿತು. ಡಾಲರಿಗೆ 90 ರೂಪಾಯಿಯಂತೆ 1530. ಕಾರ್ಡ್‌ನವರ ವಿದೇಶಿ ವಿನಿಮಯ ಶುಲ್ಕ ಬೇರೆ. ಅಂದರೆ ನಿಮ್ಮ ಮಿತಿ ದಾಟಿತು. 6 ಡಾಲರಿನ 1 ಜಿಬಿ ಪ್ಲಾನ್ ಇದೇ ಲೆಕ್ಕದಲ್ಲಿ ಸುಮಾರು 765 ರೂಪಾಯಿ. ಹಾಗಾಗಿ ನಿಮ್ಮ ಮುಂದಿರುವುದು ನಿಜವಾಗಿ ಎರಡೇ ದಾರಿ. ಒಂದು, 1 ಜಿಬಿ ತಗೊಂಡು, ಟ್ಯೂಶನ್ ಆ್ಯಪ್‌ಗೆ ಒಂದೇ ವರ್ಕರ್ ಇಟ್ಟು, ಕ್ರೋಮ್ ಬಿಟ್ಟು ವೀಸಿಪ್ರಿಂಟ್ ಹಿಡಿದು, ಸ್ವಾಪ್ ಹಾಕಿ ನಡೆಸುವುದು. ಇನ್ನೊಂದು, ಟ್ಯೂಶನ್ ಸೆಂಟರಿನವರಿಂದ ತಿಂಗಳಿಗೆ 600 ರೂಪಾಯಿ ಕೇಳಿ 2 ಜಿಬಿಗೆ ಹೋಗುವುದು. ಎರಡನೆಯದನ್ನು ಕೇಳಲು ನಿಮಗೆ ಮುಜುಗರವಾಗಬಹುದು, ಆದರೂ ನನ್ನ ಮತ ಅದಕ್ಕೇ.

ಕಾರ್ಡ್‌ನಿಂದ ತಿಂಗಳು ತಿಂಗಳು ಹಣ ತಾನಾಗೇ ಹೋಗುತ್ತದೆಂದು ನಂಬಿ ಕೂರಬೇಡಿ. 2021ರ ಅಕ್ಟೋಬರ್‌ನಲ್ಲಿ ರಿಸರ್ವ್ ಬ್ಯಾಂಕಿನ ಇ-ಮ್ಯಾಂಡೇಟ್ ನಿಯಮ ಜಾರಿಗೆ ಬಂದ ಮೇಲೆ ವಿದೇಶಿ ಕಂಪನಿಗಳ ಪುನರಾವರ್ತಿತ ಪಾವತಿಗಳು ನಮ್ಮ ಕಾರ್ಡ್‌ಗಳಲ್ಲಿ ತಿರಸ್ಕೃತವಾಗುವುದು ಮಾಮೂಲಾಗಿದೆ. ಬಿಲ್ ಬಾಕಿ ಬಿದ್ದರೆ ಮೊದಲು ಮೇಲ್, ಆಮೇಲೆ ಸರ್ವರ್ ಬಂದ್, ಆಮೇಲೆ ಅಳಿಸುವಿಕೆ. ಮುಂಗಡ ಹಣ ತುಂಬುವ ಸೌಲಭ್ಯವಿದ್ದರೆ ಮೂರು ತಿಂಗಳದ್ದು ತುಂಬಿಡಿ, ಬಿಲ್ಲಿನ ಮೇಲ್ ನೀವು ದಿನಾ ನೋಡುವ ವಿಳಾಸಕ್ಕೇ ಬರಲಿ. ಸರ್ವರ್ ಆಫ್ ಮಾಡಿಟ್ಟರೆ ಬಿಲ್ ನಿಲ್ಲುತ್ತದೆ ಎನ್ನುವುದೂ ತಪ್ಪು. ಡಿಸ್ಕ್, ಐಪಿ ನಿಮ್ಮ ಹೆಸರಿನಲ್ಲೇ ಇರುವುದರಿಂದ, ಅಳಿಸುವ ತನಕ ಮೀಟರ್ ಓಡುತ್ತಿರುತ್ತದೆ.

ಪುಕ್ಕಟೆ ಸರ್ವರ್‌ನ ವಿಷಯ. ಒರಾಕಲ್‌ನ ಉಚಿತ ಸರ್ವರ್ ಕಲಿಯಲು ಒಳ್ಳೆಯದೇ. ಆದರೆ ಕೇಳಿದಾಗ ಜಾಗ ಸಿಗುವುದು ಅದೃಷ್ಟ, ಮತ್ತು ಏಳು ದಿನ ಕೆಲಸ ಕಡಿಮೆಯಿದ್ದರೆ 'ನಿಷ್ಕ್ರಿಯ' ಎಂದು ವಾಪಸ್ ಪಡೆಯುವ ಹಕ್ಕನ್ನು ಅವರು ನಿಯಮದಲ್ಲೇ ಬರೆದುಕೊಂಡಿದ್ದಾರೆ. ವಾರಕ್ಕೊಂದು ದಿನ ದುಡಿಯುವ ಆ್ಯಪ್ ಅವರ ಕಣ್ಣಿಗೆ ನಿಷ್ಕ್ರಿಯವೇ. ಹೆರೋಕು ಕೂಡ ಒಂದು ಕಾಲದಲ್ಲಿ ಪುಕ್ಕಟೆ ಕೊಡುತ್ತಿತ್ತು, 2022ರ ನವೆಂಬರ್‌ನಲ್ಲಿ ನಿಲ್ಲಿಸಿತು. ಊರಿನವರ ಹಾಲಿನ ದುಡ್ಡಿನ ಲೆಕ್ಕ ಅಂಥ ಕಡೆ ಇಡುವಂಥದ್ದಲ್ಲ.

ಹ್ಯಾಕ್ ಆಗುವುದು ಹೇಗೆ, ತಪ್ಪಿಸುವುದು ಹೇಗೆ

ನಿಮ್ಮ ಸಂಘದ ಮೇಲೆ ಯಾರಿಗೂ ದ್ವೇಷವಿಲ್ಲ. ಹೊಸ ಐಪಿ ಬಂದ ಕೆಲವೇ ನಿಮಿಷದಲ್ಲಿ ಬಾಟ್‌ಗಳು ಬಂದು 'ರೂಟ್', 'ಅಡ್ಮಿನ್' ಎಂದು ಪಾಸ್‌ವರ್ಡ್ ತಡಕಾಡುತ್ತವೆ, ಎಲ್ಲರಿಗೂ ಹಾಗೆಯೇ. ಪಾಸ್‌ವರ್ಡ್ ಲಾಗಿನ್ ಮುಚ್ಚಿ ಕೀ ಇಟ್ಟರೆ ಆ ಬಾಗಿಲು ಮುಚ್ಚಿತು. ಇಲ್ಲೊಂದು ಗುಂಡಿಯಿದೆ, ಎಷ್ಟೋ ಜನ ಬೀಳುತ್ತಾರೆ: ದೂರದಿಂದ ಸರ್ವರ್ ಒಳಹೋಗಲು ಬಳಸುವ ಎಸ್‌ಎಸ್‌ಹೆಚ್‌ನ ಮುಖ್ಯ ಕಾನ್ಫಿಗ್ ಫೈಲಿನಲ್ಲಿ 'ಪಾಸ್‌ವರ್ಡ್ ಅಥೆಂಟಿಕೇಶನ್ ನೋ' ಎಂದು ಬರೆದು ನಿರಾಳರಾಗುತ್ತಾರೆ. ಆದರೆ ಉಬುಂಟುವಿನ ಕ್ಲೌಡ್ ಇಮೇಜ್‌ಗಳಲ್ಲಿ ಅದರ ಪಕ್ಕದ ಉಪಫೋಲ್ಡರ್‌ನೊಳಗೆ '50-ಕ್ಲೌಡ್-ಇನಿಟ್' ಎಂಬ ಚಿಕ್ಕ ಫೈಲ್ ಇದ್ದು, ಅದರಲ್ಲಿ 'ಯೆಸ್' ಎಂದಿರಬಹುದು. ಎಸ್‌ಎಸ್‌ಹೆಚ್ ಮೊದಲು ಓದಿದ ಮಾತನ್ನೇ ಹಿಡಿಯುತ್ತದೆ, ಉಪಫೋಲ್ಡರನ್ನು ಮೊದಲು ಓದುತ್ತದೆ. ನೀವು ಬರೆದ 'ನೋ' ಲೆಕ್ಕಕ್ಕೇ ಬರುವುದಿಲ್ಲ. ಎಸ್‌ಎಸ್‌ಹೆಚ್‌ಡಿಗೆ ದೊಡ್ಡಕ್ಷರದ 'ಟಿ' ಆಯ್ಕೆ ಕೊಟ್ಟು ಓಡಿಸಿದರೆ ನಿಜವಾಗಿ ಜಾರಿಯಲ್ಲಿರುವುದೇನು ಎಂದು ತೋರಿಸುತ್ತದೆ. ಅದನ್ನು ನೋಡಿದ ಮೇಲೆಯೇ ನಂಬಿ.

ಫೈರ್‌ವಾಲ್‌ಗೆ ಯುಎಫ್‌ಡಬ್ಲ್ಯೂ ಸಾಕು. 22, 80, 443 ಮೂರು ಪೋರ್ಟ್ ತೆರೆಯಿರಿ, ಆಮೇಲೆ ಚಾಲೂ ಮಾಡಿ. ಮೊದಲೇ ಚಾಲೂ ಮಾಡಿದರೆ ನಿಮ್ಮ ಮನೆಗೆ ನೀವೇ ಬೀಗ ಹಾಕಿ ಕೀಲಿ ಒಳಗಿಟ್ಟಂತೆ. ಕಂಪನಿಯ ಪ್ಯಾನೆಲ್‌ನಲ್ಲಿರುವ ವೆಬ್ ಕನ್ಸೋಲ್‌ನಿಂದ ಒಳಹೋಗಿ ಬಿಡಿಸಬೇಕಾಗುತ್ತದೆ. ಡಾಕರ್ ಬಳಸುವುದಾದರೆ ಇನ್ನೊಂದು ಎಚ್ಚರ. ಡಾಕರ್ ಪೋರ್ಟ್ ತೆರೆಯುವಾಗ ಯುಎಫ್‌ಡಬ್ಲ್ಯೂ ಅನ್ನು ಕೇಳುವುದೇ ಇಲ್ಲ, ಐಪಿಟೇಬಲ್ಸ್‌ನಲ್ಲಿ ತನ್ನದೇ ನಿಯಮ ಬರೆದುಕೊಳ್ಳುತ್ತದೆ. ಪೋಸ್ಟ್‌ಗ್ರೆಸ್‌ನ 5432 ಪೋರ್ಟನ್ನು ಡಾಕರ್‌ನಲ್ಲಿ ಹಾಗೇ ಪಬ್ಲಿಶ್ ಮಾಡಿದರೆ ಫೈರ್‌ವಾಲ್ 'ಮುಚ್ಚಿದೆ' ಎನ್ನುತ್ತಿರುತ್ತದೆ, ಡೇಟಾಬೇಸ್ ಜಗತ್ತಿಗೆಲ್ಲ ತೆರೆದಿರುತ್ತದೆ. ಪೋರ್ಟ್ ಸಂಖ್ಯೆಗೆ ಮೊದಲು 127.0.0.1 ಎಂದು ಕಡ್ಡಾಯವಾಗಿ ಬರೆಯಿರಿ. ಜ್ಯಾಂಗೋದ ಡಿಬಗ್ 'ಟ್ರೂ' ಇದ್ದಹಾಗೇ ಲೈವ್ ಮಾಡುವುದು ಇದಕ್ಕಿಂತ ಸಾಮಾನ್ಯ ತಪ್ಪು, ಒಂದು ಎರರ್ ಬಂದರೆ ಸಾಕು, ಒಳಗಿನ ಸಂಗತಿಗಳೆಲ್ಲ ಪರದೆ ಮೇಲೆ.

ಎಚ್‌ಟಿಟಿಪಿಎಸ್‌ಗೆ ದುಡ್ಡು ಕೊಡಬೇಡಿ. ಲೆಟ್ಸ್ ಎನ್‌ಕ್ರಿಪ್ಟ್ ಪುಕ್ಕಟೆ, ಸರ್ಟ್‌ಬಾಟ್ ತಾನೇ ನವೀಕರಿಸುತ್ತದೆ, 80ನೇ ಪೋರ್ಟ್ ಮುಚ್ಚದಿದ್ದರೆ ಆಯಿತು. ಸರ್ವರ್‌ನಿಂದ ನೇರ ಮೇಲ್ ಕಳಿಸುವ ಆಸೆಯನ್ನೂ ಬಿಡಿ, 25ನೇ ಪೋರ್ಟನ್ನು ಬಹುಪಾಲು ಕಂಪನಿಗಳು ಮುಚ್ಚಿಟ್ಟಿರುತ್ತವೆ. ಯಾವುದಾದರೂ ಮೇಲ್ ಸೇವೆಯ ಎಪಿಐ ಬಳಸಿ.

ಭದ್ರತಾ ಅಪ್‌ಡೇಟ್‌ಗಳನ್ನು ಉಬುಂಟು ತಾನಾಗೇ ಹಾಕಿಕೊಳ್ಳುತ್ತದೆ. ಆದರೆ ಯಾವಾಗ? ಬೆಳಿಗ್ಗೆ 6ರಿಂದ 7ರೊಳಗೆ, ಸರ್ವರ್‌ನ ಗಡಿಯಾರದ ಪ್ರಕಾರ. ಸರ್ವರ್ ಯುಟಿಸಿಯಲ್ಲಿದ್ದರೆ (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ನಮ್ಮ ಹನ್ನೊಂದೂವರೆ, ಏನೂ ತೊಂದರೆಯಿಲ್ಲ. ನೀವು ಅಚ್ಚುಕಟ್ಟು ಮಾಡಲೆಂದು ಗಡಿಯಾರವನ್ನು ಏಷ್ಯಾ/ಕೋಲ್ಕತಾಕ್ಕೆ ತಿರುಗಿಸಿದಿರೋ, ಸರಿಯಾಗಿ ಹಾಲು ಅಳೆಯುವ ಹೊತ್ತಿಗೆ ಪೋಸ್ಟ್‌ಗ್ರೆಸ್ ರೀಸ್ಟಾರ್ಟ್ ಆಗಬಹುದು. ಇತ್ತ ಯುಟಿಸಿಯಲ್ಲೇ ಬಿಟ್ಟರೆ, ರಾತ್ರಿ 2 ಗಂಟೆಗೆಂದು ಕ್ರಾನ್‌ನಲ್ಲಿ (ಹೊತ್ತಿಗೆ ಸರಿಯಾಗಿ ಕೆಲಸ ಓಡಿಸುವ ಲಿನಕ್ಸ್ ಸಾಧನ) ಬರೆದ ಬ್ಯಾಕಪ್ ನಮ್ಮ ಬೆಳಗಿನ ಏಳೂವರೆಗೆ ಓಡುತ್ತದೆ. ಯಾವುದನ್ನಾದರೂ ಆರಿಸಿ, ಆದರೆ ಎರಡೂ ಕೆಲಸದ ಹೊತ್ತನ್ನು ಮಧ್ಯಾಹ್ನಕ್ಕೋ ನಡುರಾತ್ರಿಗೋ ನೀವೇ ಕೂರಿಸಿ. ಕೋಡ್‌ನಲ್ಲೂ ಒಂದು ಸಾಲು ನೋಡಿಕೊಳ್ಳಿ: ಜ್ಯಾಂಗೋದ 'ಟೈಮ್‌ಝೋನ್ ನೌ'ನಿಂದ ನೇರವಾಗಿ ತಾರೀಕು ತೆಗೆದರೆ ಬರುವುದು ಯುಟಿಸಿ ತಾರೀಕು. ಬೆಳಿಗ್ಗೆ ಐದೂವರೆಗೆ ಮೊದಲು ಅಳೆದ ಹಾಲು ಹಿಂದಿನ ದಿನದ ಲೆಕ್ಕಕ್ಕೆ ಹೋಗುತ್ತದೆ. ಜ್ಯಾಂಗೋ ಸೆಟ್ಟಿಂಗ್ಸ್‌ನಲ್ಲಿ ಸಮಯವಲಯ ಏಷ್ಯಾ/ಕೋಲ್ಕತಾ ಎಂದಿಟ್ಟು 'ಲೋಕಲ್‌ಡೇಟ್' ಬಳಸಿದರೆ ಸರಿಹೋಗುತ್ತದೆ.

ಬ್ಯಾಕಪ್

ಕಂಪನಿಯವರು ಬ್ಯಾಕಪ್ ಇಟ್ಟಿರುತ್ತಾರೆ ಎಂಬುದು ಅತಿ ದುಬಾರಿಯಾದ ನಂಬಿಕೆ. ನೀವು ದುಡ್ಡು ಕೊಟ್ಟು ಕೇಳದ ಹೊರತು ಇಡುವುದಿಲ್ಲ. ಕೇಳಿದರೂ ಅದೇ ಕಟ್ಟಡದಲ್ಲಿ ಇಟ್ಟಿರಬಹುದು. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಕಂಪನಿಯ ಒಂದು ಡೇಟಾ ಸೆಂಟರ್ ಪೂರ್ತಿ ಸುಟ್ಟುಹೋದಾಗ, ಬ್ಯಾಕಪ್ ಕೂಡ ಅದೇ ಆವರಣದಲ್ಲಿದ್ದ ಗ್ರಾಹಕರು ಎರಡನ್ನೂ ಕಳೆದುಕೊಂಡರು.

ಕಂಪನಿಯ ವಾರದ ಬ್ಯಾಕಪ್ ಇಡೀ ಸರ್ವರನ್ನು ಬೇಗ ಎಬ್ಬಿಸಲು ಇರಲಿ. ಅದರ ಜೊತೆಗೆ ದಿನಕ್ಕೆರಡು ಸಲ, ಬೆಳಗಿನ ಮತ್ತು ಸಂಜೆಯ ಅಳತೆ ಮುಗಿದ ಮೇಲೆ, ಪಿಜಿಡಂಪ್ (ಪೋಸ್ಟ್‌ಗ್ರೆಸ್ ಡೇಟಾಬೇಸಿನ ಪ್ರತಿ) ತೆಗೆದು ಬೇರೆ ಕಂಪನಿಯ ಸ್ಟೋರೇಜ್‌ಗೆ ಕಳಿಸಿ. ನಿಮ್ಮ ಡೇಟಾಬೇಸ್ ಒತ್ತಿದರೆ ಕೆಲವೇ ಎಂಬಿ, ಖರ್ಚು ನಗಣ್ಯ. ಕಳಿಸುವ ಕೀಗೆ ಬರೆಯುವ ಅನುಮತಿ ಮಾತ್ರ ಇರಲಿ, ಅಳಿಸುವ ಅನುಮತಿ ಬೇಡ. ಸರ್ವರ್ ಒಳಗೆ ಯಾರಾದರೂ ನುಗ್ಗಿದರೂ ಹಳೆಯ ಪ್ರತಿಗಳನ್ನು ಆ ಕೀಯಿಂದ ಅಳಿಸಲಾಗದು. ತಿಂಗಳಿಗೊಮ್ಮೆ ಒಂದು ಡಂಪನ್ನು ಲ್ಯಾಪ್‌ಟಾಪ್‌ಗೆ ಇಳಿಸಿ, ರಿಸ್ಟೋರ್ ಮಾಡಿ, ಕೊನೆಯ ದಿನದ ಒಟ್ಟು ಲೀಟರನ್ನು ಸಂಘದ ಪುಸ್ತಕದ ಜೊತೆ ತಾಳೆ ನೋಡಿ. ಸೊನ್ನೆ ಬೈಟಿನ ಡಂಪ್ ಫೈಲುಗಳು ತಿಂಗಳುಗಟ್ಟಲೆ ಶಿಸ್ತಾಗಿ ಅಪ್‌ಲೋಡ್ ಆಗುತ್ತಲೇ ಇರುವುದುಂಟು, ಡಿಸ್ಕ್ ತುಂಬಿದ ದಿನದಿಂದ. ಆದ್ದರಿಂದ ಡಿಸ್ಕ್ ಶೇ. 80 ದಾಟಿದರೆ ನಿಮ್ಮ ಫೋನಿಗೆ ಸಂದೇಶ ಬರುವಂತೆ ಕಂಪನಿಯ ಪ್ಯಾನೆಲ್‌ನಲ್ಲೇ ಅಲರ್ಟ್ ಹಾಕಿಕೊಳ್ಳಿ. ತುಂಬಿಸುವವರು ಹೆಚ್ಚಾಗಿ ಹಳೆಯ ಲಾಗ್‌ಗಳು, ಹಳೆಯ ಡಾಕರ್ ಇಮೇಜ್‌ಗಳು, ಅಳಿಸಲು ಮರೆತ ಚೀಟಿ ಪಿಡಿಎಫ್‌ಗಳು.

ಇಷ್ಟೆಲ್ಲ ಓದಿ 'ಇದೆಲ್ಲ ನನ್ನಿಂದಾಗದು' ಅನ್ನಿಸಿದರೆ ಅದೂ ಒಳ್ಳೆಯ ಉತ್ತರವೇ. ರೆಂಡರ್, ರೈಲ್ವೇಯಂಥ ಕಡೆ ಕೋಡ್ ಕೊಟ್ಟರೆ ಸರ್ವರ್‌ನ ಉಸಾಬರಿ ಅವರೇ ನೋಡಿಕೊಳ್ಳುತ್ತಾರೆ. ಡೇಟಾಬೇಸ್‌ಗೆ ಪ್ರತ್ಯೇಕ ಶುಲ್ಕ ಸೇರಿ ಖರ್ಚು ಜಾಸ್ತಿ, ಸರ್ವರ್ ಸಿಂಗಪುರಕ್ಕೆ ಹೋಗಬಹುದು, ಕನ್ನಡ ಫಾಂಟನ್ನು ನಿಮ್ಮ ಕೋಡ್ ಜೊತೆಗೇ ಕಳಿಸಬೇಕಾಗುತ್ತದೆ. ಆದರೆ ಬೆಳಗಿನ ಆರು ಗಂಟೆಗೆ ಸರ್ವರ್ ಬಿದ್ದಾಗ ಎದ್ದು ನೋಡಬಲ್ಲವರು ನೀವೊಬ್ಬರೇ ಆಗಿದ್ದು, ಆ ಹೊತ್ತಿಗೆ ನೀವು ಬಸ್ಸಿನಲ್ಲಿರುವವರಾದರೆ, ಆ ಹೆಚ್ಚುವರಿ ದುಡ್ಡು ವ್ಯರ್ಥವಲ್ಲ.

ವಿಪಿಎಸ್‌ಗೇ ಹೋಗುವುದಾದರೆ ಬಟವಾಡೆಯ ಮಾರನೆಯ ದಿನ ಸಾಗಿಸಿ, ಆರು ದಿನ ಕೈಯಲ್ಲಿರುತ್ತದೆ. ಎರಡು ದಿನ ಮೊದಲೇ ಡೊಮೈನ್‌ನ ಡಿಎನ್‌ಎಸ್ ಟಿಟಿಎಲ್ (ಹಳೆಯ ವಿಳಾಸವನ್ನು ಬೇರೆಯವರು ನೆನಪಿಟ್ಟುಕೊಳ್ಳುವ ಅವಧಿ) ಅನ್ನು 300 ಸೆಕೆಂಡಿಗೆ ಇಳಿಸಿಡಿ. ಸಾಗಿಸುವ ದಿನ ಬೆಳಗಿನ ಅಳತೆ ಮುಗಿದ ಕೂಡಲೇ ಹಳೆಯ ಆ್ಯಪನ್ನು ಓದಲು ಮಾತ್ರ ಎಂದು ಮಾಡಿ, ಡಂಪ್ ತೆಗೆದು ಹೊಸದಕ್ಕೆ ಹಾಕಿ, ಸಂಜೆಯ ಅಳತೆಗೆ ಮೊದಲು ಡಿಎನ್‌ಎಸ್ ತಿರುಗಿಸಿ. ಹಳೆಯ ಹೋಸ್ಟಿಂಗನ್ನು ಒಂದು ತಿಂಗಳು ಹಾಗೇ ಇಟ್ಟುಕೊಳ್ಳಿ, ಆದರೆ ಅದರಲ್ಲಿರುವ ಕ್ರಾನ್ ಕೆಲಸಗಳನ್ನು ಅಂದೇ ತೆಗೆದುಹಾಕಿ. ಇಲ್ಲದಿದ್ದರೆ ಸದಸ್ಯರಿಗೆ ಎರಡೆರಡು ಎಸ್‌ಎಂಎಸ್ ಹೋಗಿ, ಬಟವಾಡೆಯೂ ಎರಡು ಸಲವೇ ಎಂದು ಕೇಳಲು ಬರುತ್ತಾರೆ.